ಅತ್ತೆಮ್ಮನ ಕೈಗುಣ ಮತ್ತು ನಮ್ಮ ಟಾಯ್ಲೆಟ್ ರೋಲು

ಮೊದಲೇ ಹೇಳಿಬಿಡ್ತೀನಿ, ನಾನು ಇಷ್ಟು ವರ್ಷ ಮಾಡಿದ್ದು ಟಾಯ್ಲೆಟ್ ಪೇಪರ್ ಕಸುಬು. ನಗೋದಾದ್ರೆ ಈಗಲೇ ನಕ್ಕು ಮುಗಿಸಿ, ಆಮೇಲೆ ಓದಿ.

ಹಾರೋಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಹಿಂಬದಿಯಲ್ಲಿ ತಗಡಿನ ಶೀಟು ಹೊದಿಸಿದ ಒಂದು ಶೆಡ್ಡು, ಅದೇ ನನ್ನ ಫ್ಯಾಕ್ಟರಿ. ಹೋದ ವರ್ಷ ಭುಜ ಮೇಲಕ್ಕೆ ಎತ್ತೋಕಾಗದೆ, ಬೀಗದ ಕೈನ ಅಲ್ಲಿ ಮೊದಲಿಂದ ಕೆಲಸಕ್ಕಿದ್ದ ನಮ್ಮ ತಾಯಮ್ಮನ ಸೊಸೆ ಸವಿತಾಗೆ ಕೊಟ್ಟು ಮನೆ ಸೇರಿದೆ. ಈಗ ಅಲ್ಲಿಗೆ ಹೊಸ ಹುಡುಗೀರು ಬರ್ತಾ ಇದಾರೆ. ಓದಿಕೊಂಡಿರೋ ಮಕ್ಕಳು, ಎಲ್ಲಕ್ಕೂ ಯಾಕೆ ಅಂತ ಕೇಳ್ತಾರಂತೆ. ಒಬ್ಬಳು ರೋಲಿಗೆ ಕಾಗದ ಸುತ್ತುತ್ತಾ, "ಒಂದು ಸ್ಟಿಕ್ಕರ್ ಅಂಟಿಸಿದ್ರೆ ಆಗೋ ಕೆಲಸಕ್ಕೆ ಈ ಮಡಿಕೆ ತಾಪತ್ರಯ ಯಾಕಕ್ಕ?" ಅಂದಳಂತೆ. ಸವಿತಾ ನನ್ನ ಹತ್ರ ಬಂದು, "ಅಮ್ಮಾ, ನಿಮಗೇ ಗೊತ್ತಿರೋದು. ಬರ್ದು ಕೊಟ್ಬುಡಿ, ಓದಿ ಹೇಳ್ತೀನಿ" ಅಂದಳು. ಅದಕ್ಕೇ ಕೂತಿದ್ದೀನಿ. ನನಗೆ ನೇರವಾಗಿ ಹೇಳಿ ಅಭ್ಯಾಸ ಇಲ್ಲ, ಸುತ್ತಿ ಬಳಸಿ ಹೇಳ್ತೀನಿ, ಸಹಿಸಿಕೊಳ್ಳಿ.

ನಾವು ಕಾಗದ ಮಾಡೋರಲ್ಲ. ಮಿಲ್ಲಿಂದ ತಬ್ಬಿದರೂ ತೋಳಿಗೆ ಸಿಗದಂಥ ದೊಡ್ಡ ರೀಲು ತರಿಸ್ತೀವಿ. ಅದನ್ನ ಮಿಷನ್ನಿಗೆ ಏರಿಸಿ, ರಟ್ಟಿನ ಕೊಳವೆ ಮೇಲೆ ಸುತ್ತಿ, ಕೈಯಲ್ಲಿ ಹರಿಯೋಕೆ ಬರೋ ಹಾಗೆ ಅಲ್ಲಲ್ಲಿ ಸಾಲಾಗಿ ತೂತು ಹೊಡೀತೀವಿ. ಕೊರಡಿನ ಹಾಗೆ ಉದ್ದಕ್ಕೆ ಬಂದದ್ದನ್ನ ಗರಗಸಕ್ಕೆ ಕೊಟ್ಟು ಕತ್ತರಿಸಿ, ಒಂದೊಂದಕ್ಕೂ ಹೊರಗಡೆ ಕಾಗದ ಸುತ್ತಿ ಡಬ್ಬಕ್ಕೆ ತುಂಬ್ತೀವಿ. ಕೇಳೋಕೆ ಸಸಾರ. ಮಳೆಗಾಲದಲ್ಲಿ ಬಂದು ನೋಡಿ, ತೇವ ಕುಡಿದ ಕಾಗದ ಹೆಜ್ಜೆಹೆಜ್ಜೆಗೂ ಕಿತ್ತು ಬರುತ್ತೆ.

ಇದು ಶುರುವಾದದ್ದು ಎಲ್ಲಿ ಅಂತೀರಾ? ಗ್ರಂಥಿಗೆ ಅಂಗಡಿಯಲ್ಲಿ. ಕನಕಪುರದಲ್ಲಿ ನಮ್ಮದು ಹಳೇ ಅಂಗಡಿ, ಅರಿಶಿನ ಕುಂಕುಮ ವಿಭೂತಿ ಕರ್ಪೂರ ಎಲ್ಲ ಮಾರೋದು. ಗಲ್ಲಾದಲ್ಲಿ ನಮ್ಮೆಜಮಾನ್ರು ಮಾದೇವಪ್ಪ, ತಕ್ಕಡಿ ಮುಂದೆ ನಮ್ಮತ್ತೆ ಶಿವನಂಜಮ್ಮ. ನಾನು ಅತ್ತೆಮ್ಮ ಅಂತಲೇ ಕರೀತಿದ್ದದ್ದು. ಹೊಸ ಮಾಲು ಬಂದ್ರೆ ಅತ್ತೆಮ್ಮ ಮೂಟೆಗೆ ಕುಂಕುಮ ಇಡೋವರೆಗೂ ಯಾರೂ ದಾರ ಬಿಚ್ಚೋ ಹಾಗಿರಲಿಲ್ಲ. ಅವರ ಕೈಗುಣ ಅಂದ್ರೆ ಊರಿಗೇ ನಂಬಿಕೆ. ಬೋರು ಕೊರೆಸೋರು, ಮನೆಗೆ ಪಾಯ ಹಾಕೋರು, ಹೊಸ ಅಂಗಡಿ ತೆಗೆಯೋರು ಬಂದು, "ಅಮ್ಮಾ, ನಿಮ್ಮ ಕೈಯ್ಯಾರೆ ಒಂದು ಕುಂಕುಮದ ಪೊಟ್ಟಣ ಕಟ್ಕೊಡಿ" ಅಂತ ಕಾದು ಇಸ್ಕೊಂಡು ಹೋಗೋರು. ಕಟ್ಟೋದು ನೋಡೋಕೇ ಚೆಂದ. ದಾರ ಇಲ್ಲ, ಅಂಟಿಲ್ಲ. ಕಾಗದದ ಒಂದು ತುದಿ ಒಳಕ್ಕೆ ಮಡಿಚಿ, ಅದರೊಳಕ್ಕೆ ಇನ್ನೊಂದು ತುದಿ ಸಿಗಿಸಿ, ಹೆಬ್ಬೆರಳಲ್ಲಿ ಒತ್ತಿದ್ರೆ ಆಯ್ತು. ಬಸ್ಸಲ್ಲಿ ಚೀಲ ಬೋರಲು ಬಿದ್ರೂ ಕುಂಕುಮ ಚೆಲ್ತಿರಲಿಲ್ಲ.

ಒಂದಿನ ಹೈವೇ ಕಡೆ ರೆಸಾರ್ಟಿನವನೊಬ್ಬ ಸಾಂಬ್ರಾಣಿ ಕೊಳ್ಳೋಕೆ ಬಂದು, "ಟಾಯ್ಲೆಟ್ ರೋಲ್ ಸಿಗುತ್ತಾ?" ಅಂದ.

"ಅದು ಯಾವ ಪೂಜೆಗಪ್ಪಾ?" ಅಂದ್ರು ಅತ್ತೆಮ್ಮ.

ಆ ಮನುಷ್ಯ ಕೆಂಪಗಾದ. ಯಜಮಾನ್ರು ಗಲ್ಲಾದೊಳಕ್ಕೆ ಮುಖ ಹುದುಗಿಸಿಕೊಂಡ್ರು. ಅಂಥದ್ದು ಈ ಕಡೆ ಎಲ್ಲೂ ತಯಾರಾಗಲ್ಲ, ಬೆಂಗಳೂರಿಂದಲೇ ತರಬೇಕು ಅಂತ ಅವನು ಗೊಣಗಿದ್ದು ಮಾತ್ರ ನನ್ನ ಕಿವಿಗೆ ಬಿತ್ತು. ಅವತ್ತಿಂದ ತಲೆಯಲ್ಲಿ ಹುಳ ಹೊಕ್ಕಿತು. ಪಿಯುಸಿ ಓದಿಕೊಂಡು ಇನ್ನೊಬ್ಬರ ಅಂಗಡಿಯಲ್ಲಿ ಸೊಸೆಯಾಗಿ ಪೊಟ್ಟಣ ಎಣಿಸಿ ಸಾಕಾಗಿತ್ತು ನನಗೆ. ನನ್ನದು ಅಂತ ಒಂದು ಬೇಕಿತ್ತು.

ರೋಲು ಮಾಡೋ ಫ್ಯಾಕ್ಟರಿ ಹಾಕ್ತೀನಿ ಅಂದೆ. ಯಜಮಾನ್ರು ಹೂಂ ಅಂದ್ರು. ಅತ್ತೆಮ್ಮ ಅನ್ನಲಿಲ್ಲ. ಕೂಗಾಡಲೂ ಇಲ್ಲ. ನನ್ನ ಪಕ್ಕ ಕೂತು, ಕೈ ಹಿಡ್ಕೊಂಡು ಹೇಳಿದ್ರು: "ರತ್ನ, ಕಾಗದ ಅಂದ್ರೆ ಸರಸ್ವತಿ ಕಣವ್ವ. ಕಾಲು ತಗುಲಿದ್ರೆ ಕಣ್ಣಿಗೆ ಒತ್ಕತೀವಿ. ಅದ್ನ ತಗಂಡೋಗಿ ಅಂಥ ಜಾಗಕ್ಕೆ... ನೀನು ಮಾಡು, ನಾನು ತಡೆಯಾಕಿಲ್ಲ. ಆದ್ರೆ ನಿನ್ ಶೆಡ್ಡಿಗೆ ನಾನು ಬರಾಕಿಲ್ಲ. ಅದೊಂದು ಕೇಳ್ಬ್ಯಾಡ."

ಊರವರಿಗೆಲ್ಲ ಸಿಕ್ಕ ಕೈಗುಣ ಮನೆ ಸೊಸೆಗೆ ಸಿಗಲಿಲ್ಲ. ತುಂಬಾ ನೋವಾಯ್ತು. ಮಿಷನ್ನಿಗೆ ಮೊದಲ ದಿನ ನಾನೇ ಊದುಬತ್ತಿ ಹಚ್ಚಿ ಸ್ವಿಚ್ಚು ಹಾಕಿದೆ.

ಕೆಲಸಕ್ಕೆ ಬಂದ ಹೆಂಗಸರೆಲ್ಲ ಸುತ್ತಮುತ್ತಲ ಹಳ್ಳಿಯವರು. ಅವರಲ್ಲಿ ಮುಂದಾಳು ತಾಯಮ್ಮ, ಕಬ್ಬಾಳು ಕಡೆಯವಳು, ಮೊದಲು ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚೋಕೆ ಹೋಗ್ತಿದ್ದವಳು. ಮಾತು ಜಾಸ್ತಿ, ಕೆಲಸ ಅದಕ್ಕಿಂತ ಜಾಸ್ತಿ. ಆದರೆ ಅವಳೂ ಅತ್ತೆಮ್ಮನ ಜಾತಕದವಳೇ! ಮಿಷನ್ನಿಂದ ಕಾಗದ ಕಿತ್ತು ನೆಲಕ್ಕೆ ಬಿದ್ದು ಕಾಲಿಗೆ ತಗುಲಿದ ತಕ್ಷಣ ಬಗ್ಗಿ ಎತ್ತಿ ಕಣ್ಣಿಗೆ ಒತ್ಕೊಳ್ಳೋಳು. ಇವಳು ಒಂದು ತುಂಡು ಕಣ್ಣಿಗೆ ಒತ್ಕೊಳ್ಳೋದರಲ್ಲಿ ಮಿಷನ್ನು ಒಂದು ರಾಶಿ ಕಾಗದ ಉಗುಳಿ ಆಗಿರೋದು. ಇವಳನ್ನ ನೋಡಿ ಉಳಿದವರೂ ಹಾಗೇ. "ಲೇ ತಾಯಮ್ಮ, ಮೊದ್ಲು ಸ್ವಿಚ್ಚು ಆರಿಸೇ, ಆಮೇಲೆ ನಮಸ್ಕಾರ ಮಾಡ್ಕೊ!" ಅಂತ ಕಿರುಚಿ ಕಿರುಚಿ ನನ್ನ ಗಂಟಲು ಹೋಯ್ತು. ಕಡೆಗೆ ನೆಲದ ಮೇಲೆ ಬೀಳದ ಹಾಗೆ ಮಿಷನ್ನಿನ ಕೆಳಗೆ ಬೆತ್ತದ ದೊಡ್ಡ ಮಂಕರಿ ಇಟ್ವಿ. ಈಗ ಅಲ್ಲಿ ಪ್ಲಾಸ್ಟಿಕ್ ತೊಟ್ಟಿ ಇದೆ. ಅದು ಕಸದ ತೊಟ್ಟಿ ಅಂದುಕೊಂಡಿದ್ರೆ ತಿದ್ದಿಕೊಳ್ಳಿ.

ಇನ್ನೊಂದು ಫಜೀತಿ ಕೇಳಿ. ಈ ಸಾಮಾನನ್ನ ನಮ್ಮಲ್ಲಿ ಒಬ್ಬರೂ ಬಳಸಿದವರಲ್ಲ. ನಮಗೆ ಚೊಂಬು ನೀರು ಸಾಕು. ಬಳಸದ ವಸ್ತು ಚೆನ್ನಾಗಿದೆಯೋ ಇಲ್ಲವೋ ಅಂತ ಹೇಗೆ ತಿಳಿಯೋದು? ಕೆನ್ನೆಗೆ ಉಜ್ಜಿ ನೋಡೋದು. ಮೆತ್ತಗಿದೆಯಾ, ಸರಿ, ಕಳಿಸು. ಒಂದು ಸಲ ತೂತು ಹೊಡೆಯೋ ಬ್ಲೇಡು ಮೊಂಡಾಗಿದ್ದು ನಮಗೆ ತಿಳಿಯಲೇ ಇಲ್ಲ. ಕೆನ್ನೆಗೆ ಅದೆಲ್ಲ ಗೊತ್ತಾಗುತ್ತಾ? ಹಾರೋಹಳ್ಳಿಯ ಒಂದು ಕಾರ್ಖಾನೆ ಕ್ಯಾಂಟೀನಿನವನು ಫೋನ್ ಮಾಡಿ, "ಅಕ್ಕಾ, ಒಂದು ಕಡೆ ಎಳೆದ್ರೆ ಪೂರಾ ರೋಲೇ ಬಿಚ್ಕೊಂಡು ಬತ್ತಾ ಐತೆ, ಜನ ಒಳಗಿಂದ ಕೂಗ್ತಾವ್ರೆ" ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವತ್ತಿಂದ ಪ್ರತಿ ಕೊರಡಿನಿಂದ ಒಂದು ರೋಲು ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿ, ಒಂದೇ ಕೈಯಲ್ಲಿ ಎಳೆದು ಹರಿದು ನೋಡೋ ಪದ್ಧತಿ ಬಂತು. ಆ ಮೊಳೆ ಈಗಲೂ ಇದೆ, ಅದಕ್ಕೆ ಟವೆಲ್ಲು ನೇತುಹಾಕಬೇಡಿ.

ಹೀಗೆ ಒಂದಲ್ಲ ಒಂದು ಕೆಡೋದು. ಬೆಲ್ಟು ಹರಿದ್ರೂ, ಕರೆಂಟು ಹೋದ್ರೂ, ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ದೊಡ್ಡಮ್ಮಾರ ಕೈ ಬಿದ್ದಿಲ್ವಲ್ಲ, ಅದಕ್ಕೇಯ" ಅನ್ನೋರು. ನಾನು ರೇಗ್ತಿದ್ದೆ. ಒಳಗೊಳಗೆ ನನಗೂ ಹಾಗೇ ಅನ್ನಿಸ್ತಿತ್ತು ಅನ್ನೋದು ಬೇರೆ ಮಾತು. ಶೆಡ್ಡು ನನ್ನದು, ಸರಿ. ಆದರೆ ಆ ಮನೆಯ ಯಾವ ಕೆಲಸವೂ ಅತ್ತೆಮ್ಮನ ಕೈ ಮುಟ್ಟದೆ ಆದದ್ದಿಲ್ಲ, ಇದೊಂದೇ ಅನಾಥ.

ಹಾಗಿರುವಾಗ ಒಂದು ಆಯುಧಪೂಜೆಗೆ ಮುಂಚೆ ತಾಯಮ್ಮ ಪೂಜೆ ಸಾಮಾನಿಗೆ ನಮ್ಮ ಅಂಗಡಿಗೆ ಬಂದಳು. ನಾನೂ ಅಲ್ಲೇ ಇದ್ದೆ. ಸಾಮಾನು ಇಸ್ಕೊಂಡವಳು ಹೋಗದೆ ಎರಡೂ ಕೈ ಅತ್ತೆಮ್ಮನ ಮುಂದೆ ಚಾಚಿದಳು.

"ನೋಡ್ರವ್ವ ನನ್ ಕೈಯ್ಯ. ರಾಮನಗರದಲ್ಲಿ ದಿನವೆಲ್ಲ ಸುಡೋ ನೀರಲ್ಲಿ ಗೂಡು ತಿರುವ್ತಿದ್ದೆ. ಬೆಳ್ಳು ಸಂದಿಯೆಲ್ಲ ಹುಣ್ಣು. ಸಾರಿನ ಖಾರ ತಗುಲಿದ್ರೆ ಕಣ್ಣಲ್ಲಿ ನೀರು, ಮುದ್ದೆ ಮುರಿಯಾಕಾಯ್ತಿರ್ಲಿಲ್ಲ, ನನ್ ಸೊಸೆ ತುತ್ತು ಮಾಡಿ ಉಣ್ಣಿಸೋಳು. ಈ ಕಾಗದದ ಕೆಲ್ಸಕ್ಕೆ ಬಂದ್ಮೇಲೆ ವಾಸಿಯಾಗೈತೆ. ಸರಸ್ವತಿ ಮುನಿಸ್ಕಂಡಿದ್ರೆ ಹಿಂಗೆ ವಾಸಿ ಮಾಡ್ತಿದ್ಲಾ? ಕಬ್ಬಾಳಮ್ಮನಾಣೆ, ಒಂದ್ಸಲ ಬಂದೋಗ್ರವ್ವ."

ಅತ್ತೆಮ್ಮ ಆ ಕೈಗಳನ್ನ ತಿರುಗಿಸಿ ಮುರುಗಿಸಿ ನೋಡಿದ್ರು. ಬೆರಳ ಸಂದಿ ಸವರಿದ್ರು. ಹಬ್ಬದ ದಿನ ನಾನು ಹೊರಡೋ ಹೊತ್ತಿಗೆ ಕುಂಕುಮದ ತಟ್ಟೆ ಹಿಡ್ಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತಿದ್ರು. "ಬಸ್ಸು ಎಷ್ಟೊತ್ತಿಗೇ?" ಅಂದ್ರು.

ಅವತ್ತು ಶೆಡ್ಡಲ್ಲಿ ನಿಜವಾದ ಹಬ್ಬ. ಅತ್ತೆಮ್ಮ ಮಿಷನ್ನಿಗೆ, ಗರಗಸಕ್ಕೆ, ಕಡೆಗೆ ಆ ಗೋಡೆ ಮೊಳೆಗೂ ಕುಂಕುಮ ಇಟ್ರು. ಹೆಂಗಸರ ಸಂಭ್ರಮ ಕೇಳಬೇಡಿ. ಆ ಹೊತ್ತಿಗೆ ನಮಗೆ ಅದುವರೆಗಿನ ಅತಿ ದೊಡ್ಡ ಆರ್ಡರು ಸಿಕ್ಕಿತ್ತು, ರಾಮನಗರದ ಹತ್ತಿರದ ಒಂದು ದೊಡ್ಡ ರೆಸಾರ್ಟಿನದು. ಅದು ಉಳಿದರೆ ನಾವು ಉಳಿದೆವು, ಹೋದರೆ ಶೆಡ್ಡಿಗೆ ಬೀಗ. ಮಾಲು ಕತ್ತರಿಸಿ ಜೋಡಿಸಿಟ್ಟಿತ್ತು, ಕಾಗದ ಸುತ್ತೋದೊಂದು ಬಾಕಿ. ಮಾಲು ಸಾಗಿಸೋಕೆ ಲಗೇಜ್ ಆಟೋ ಗೊತ್ತುಮಾಡಿ ಬರ್ತೀನಿ ಅಂತ ನಾನು ಹೊರಗೆ ಹೋದೆ. ಹಬ್ಬದ ದಿನ ಒಂದು ಆಟೋನಾದ್ರೂ ಸಿಗುತ್ತಾ? ಎಲ್ಲ ಬಾಳೆಕಂದು ಕಟ್ಟಿಸಿಕೊಂಡು ನಿಂತಿದ್ವು. ಅಲೆದು ಅಲೆದು ವಾಪಸ್ಸು ಬರೋ ಹೊತ್ತಿಗೆ ಹೆಂಗಸರು ಎಲ್ಲ ಸುತ್ತಿ ಡಬ್ಬಕ್ಕೆ ತುಂಬಿ ಟೇಪು ಹಾಕಿದ್ರು. ಅತ್ತೆಮ್ಮ ಸುಸ್ತಾಗಿ ಸ್ಟೂಲಿನ ಮೇಲೆ ಕೂತು ನಗ್ತಾ ಇದ್ರು. ತಾಯಮ್ಮ, "ಅಕ್ಕಾ, ಇನ್ನು ನೋಡಿ ನಮ್ಮ ಯಾಪಾರ" ಅಂದಳು. ನಾನೂ ನಕ್ಕೆ.

ಮಾಲು ಹೋಗಿ ಕೆಲವು ದಿನಕ್ಕೆ ರೆಸಾರ್ಟಿನ ಮ್ಯಾನೇಜರ್ ಫೋನ್ ಬಂತು. ಮಾಗಡಿ ಕಡೆಯ ಹುಡುಗ, ಯಾವಾಗಲೂ ಮೆತ್ತಗೆ ಮಾತಾಡೋನು, ಅವತ್ತು ದನಿ ಗಡಸಾಗಿತ್ತು. "ಮೇಡಂ, ಈಗಿಂದೀಗ ಬನ್ನಿ" ಅಂದ. ಹೋದೆ. ಮೇಜಿನ ಮೇಲೆ ನಮ್ಮ ರೋಲು, ಕಾಗದ ಬಿಚ್ಚಿಟ್ಟಿದ್ದ. ಬೆಳ್ಳನೆ ರೋಲಿನ ಮೇಲೆ ಕೆಂಪನೆ ಕಲೆ. ಇನ್ನೊಂದು ಬಿಚ್ಚಿದ, ಅದರ ಮೇಲೂ. ಮತ್ತೊಂದು, ಅದರ ಮೇಲೂ.

"ಗೆಸ್ಟು ಕೂಗಾಡಿಬಿಟ್ರು. ಯಾರೋ ಬಳಸಿದ್ದನ್ನ ತಂದಿಟ್ಟಿದ್ದೀರಾ, ರಕ್ತ ಇದೆ ಅಂತ. ನಾನೇನು ಹೇಳ್ಲಿ ಮೇಡಂ?"

ನನಗೆ ನೋಡಿದ ಕೂಡಲೇ ಗೊತ್ತಾಯ್ತು. ಉಂಗುರದ ಬೆರಳಿನ ಗುರುತು. ಅರಿಶಿನದ ನೀರಲ್ಲಿ ಕಲಸಿದ ಕುಂಕುಮ, ಟಿಶ್ಯೂ ಕಾಗದ ಅದನ್ನ ಹೀರಿಕೊಂಡು ಒಳಗಿನ ಸುತ್ತಿಗೂ ಇಳಿಸಿತ್ತು. ಹೊಸ ಮಾಲಿನ ಮೂಟೆಗೆ ಇಡೋ ಹಾಗೆ ಅತ್ತೆಮ್ಮ ಒಂದನ್ನೂ ಬಿಡದೆ ಎಲ್ಲಕ್ಕೂ ಇಟ್ಟಿದ್ರು. ಹೆಂಗಸರು ಸಂತೋಷದಲ್ಲಿ ಅದರ ಮೇಲೇ ಕಾಗದ ಸುತ್ತಿದ್ರು. ಆ ಸಾಮಾನನ್ನ ಬಳಸಿದವರು ಒಬ್ಬರಿದ್ದರೂ, ಆ ಜಾಗದಲ್ಲಿ ಕೆಂಪು ಕಲೆ ಹೇಗೆ ಕಾಣುತ್ತೆ ಅಂತ ಹೊಳೀತಿತ್ತು. ಯಾರಿಗೂ ಹೊಳೆದಿರಲಿಲ್ಲ.

"ಕುಂಕುಮ ಕಣಪ್ಪ ಇದು" ಅಂದೆ.

"ವಾಸನೆ ನೋಡಿದ ಮೇಲೆ ನನಗೂ ಗೊತ್ತಾಯ್ತು. ಅದಕ್ಕಿಂತ ದೊಡ್ಡ ರಗಳೆ ಇನ್ನೊಂದಿದೆ ಬನ್ನಿ" ಅಂತ ಸ್ಟೋರ್ ರೂಮಿಗೆ ಕರ್ಕೊಂಡು ಹೋದ. ಅಲ್ಲಿ ರೂಮು ತೊಳೆಯೋ ಹೆಂಗಸರು ಕೈಕಟ್ಟಿ ನಿಂತಿದ್ರು. ಕಿಟಕಿ ಹತ್ರ ಒಂದು ಹಲಗೆ, ಅದರ ಮೇಲೆ ನಮ್ಮ ರೋಲುಗಳನ್ನ ಸಾಲಾಗಿ ಜೋಡಿಸಿ ಮೇಲೆ ಒಂದೊಂದು ಸೇವಂತಿಗೆ ಹೂವಿಟ್ಟಿದ್ರು.

ಅವರಲ್ಲಿ ಒಬ್ಬಳು ಅಂದಳು: "ನಾವು ಬಿಚ್ಚಿ ನೋಡ್ದೆ ಮೊದ್ಲು ಒಸಿ ರೂಮಿಗೆ ಇಟ್ಬುಟ್ಟಿದ್ವಿ, ತಪ್ಪಾಯ್ತು. ಈಗ ಗೊತ್ತಿದ್ದೂ ಗೊತ್ತಿದ್ದೂ ಕುಂಕುಮ ಇಟ್ಟಿದ್ದನ್ನ ಪಾಯಖಾನೆಗೆ ಇಡು ಅಂದ್ರೆ ನಮ್ ಕೈಲಾಗಾಕಿಲ್ಲ. ಬೇಕಾದ್ರೆ ಕೆಲ್ಸದಿಂದ ತೆಗೀರಿ."

ಮ್ಯಾನೇಜರ್ ಹಣೆ ಚಚ್ಚಿಕೊಂಡ. ಆ ಹುಡುಗ ಒಳ್ಳೆಯವನು. ಉಳಿದದ್ದೆಲ್ಲ ವಾಪಸ್ಸು ತಗೊಂಡು ಹೋಗಿ, ಇನ್ನೊಂದೇ ಸಲ ಕಳಿಸಿ, ಮತ್ತೆ ಒಂದು ಚುಕ್ಕೆ ಕಂಡರೆ ನನ್ನ ಕೈಲಿ ಏನೂ ಇಲ್ಲ ಅಂದ.

ವಾಪಸ್ಸು ಬರ್ತಾ ಆಟೋದಲ್ಲಿ ನನಗೆ ಆರ್ಡರಿನ ಚಿಂತೆ ಇರಲಿಲ್ಲ, ಅತ್ತೆಮ್ಮನ ಚಿಂತೆ. ಕಾಗದ ಅಂಥ ಜಾಗಕ್ಕೆ ಹೋಗುತ್ತಲ್ಲ ಅಂತ ವರ್ಷಗಟ್ಟಲೆ ಸಂಕಟಪಟ್ಟ ಜೀವ. ಈಗ ಅವರ ಕೈಯ್ಯ ಕುಂಕುಮವೇ ಅಲ್ಲಿಗೆ ಹೋಗಿದೆ ಅಂತ ಹೇಗೆ ಹೇಳೋದು? ಹೇಳದೆ ಹೇಗೆ ಇರೋದು? ಶುಕ್ರವಾರ ಶುಕ್ರವಾರ ತಟ್ಟೆ ಹಿಡ್ಕೊಂಡು ಬರ್ತೀನಿ ಅಂತ ಹೇಳಿ ಹೋಗಿದ್ರು. ಬಂದರೆ ಮತ್ತೆ ಇಡ್ತಾರೆ. ಯಜಮಾನ್ರು, "ಏನಾದ್ರೂ ಒಂದು ಸುಳ್ಳು ಹೇಳು ಮಾರಾಯ್ತಿ, ಮಿಷನ್ನಿಗೆ ಆಗಿಬರಲ್ಲ ಅನ್ನು" ಅಂದ್ರು. ಇಷ್ಟು ವಯಸ್ಸಾದವರಿಗೆ ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. ಅಡುಗೆಮನೆಯಲ್ಲಿ ಕೂರಿಸಿ, ನಡೆದದ್ದು ನಡೆದ ಹಾಗೆ ಹೇಳಿದೆ.

ಅತ್ತೆಮ್ಮ ಬಾಯಿಗೆ ಸೆರಗು ಒತ್ಕೊಂಡ್ರು. "ಅಯ್ಯೋ ಶಿವನೇ, ನಾನೇ ಕಳಿಸ್ಬುಟ್ನಲ್ಲೇ" ಅಂದ್ರು. ಆ ಹೆಂಗಸರು ಹೂವಿಟ್ಟದ್ದನ್ನ ಹೇಳೋಕೆ ಬಾಯಿ ತೆಗೆದೆ, ಅವರು ಕೇಳಿಸಿಕೊಳ್ಳೋ ಸ್ಥಿತಿಯಲ್ಲೇ ಇರಲಿಲ್ಲ, ಎದ್ದು ಹೋದ್ರು.

ಆಮೇಲೆ ನಡೆದದ್ದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತೆ. ಅಂಗಡಿಗೆ ಯಾರೋ ಹೊಸ ಮನೆಗೆ ಪಾಯ ಹಾಕೋರು ಬಂದು, "ಅಮ್ಮಾ, ನಿಮ್ಮ ಕೈಯ್ಯಾರೆ ಪೊಟ್ಟಣ" ಅಂದ್ರು. ಅತ್ತೆಮ್ಮ ತಕ್ಕಡಿ ಬಿಟ್ಟು ಹಿಂದಕ್ಕೆ ಸರಿದು, "ನನ್ ಕೈ ಬ್ಯಾಡ ಕಣಪ್ಪ, ಇವನ ಕೈಲಿ ಕಟ್ಟಿಸ್ಕೊ" ಅಂತ ಮಗನ ಕಡೆ ತೋರಿಸಿದ್ರು. ಮಾರನೇ ದಿನವೂ ಹಾಗೇ. ಊರೆಲ್ಲ ನಂಬಿದ್ದ ಕೈಯನ್ನ ಅವರೇ ನಂಬದ ಹಾಗಾಯ್ತು. ಮೂಲೆಯಲ್ಲಿ ಕೂತು ಅಂಗೈ ನೋಡ್ಕೊಳ್ಳೋರು. ಈ ಹಾಳು ವ್ಯಾಪಾರ ಮುಚ್ಚಿಹೋಗಲಿ, ನನಗೆ ನನ್ನತ್ತೆಮ್ಮ ಮೊದಲಿನ ಹಾಗೆ ಆಗಲಿ ಅಂತ ನಿಜವಾಗಿ ಅಂದುಕೊಂಡೆ.

ಹೊಸ ಮಾಲಿಗೆ ಬಣ್ಣ ತಗುಲೀತು ಅಂತ ವಾಪಸ್ಸು ಬಂದ ಡಬ್ಬಗಳನ್ನ ಶೆಡ್ಡಲ್ಲಿ ಇಡೋಕೆ ತಾಯಮ್ಮ ಒಪ್ಪಲಿಲ್ಲ, ಎಸೆಯೋಕೂ ಒಪ್ಪಲಿಲ್ಲ. ಮನೆ ಹಜಾರದಲ್ಲಿ ಪೇರಿಸಿದ್ವಿ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ನೋಡ್ತೀನಿ, ಅತ್ತೆಮ್ಮ ನೆಲದ ಮೇಲೆ ಕೂತು ಒಂದು ಡಬ್ಬ ಬಿಚ್ಚಿದ್ದಾರೆ. ಕೈಯಲ್ಲಿ ಒಣಗಿದ ಸೇವಂತಿಗೆ.

"ಇದ್ಯಾರೇ ಇಟ್ಟಿದ್ದು?"

ಹೇಳಿದೆ. ಈ ಸಲ ಪೂರ್ತಿ ಕೇಳಿಸಿಕೊಂಡ್ರು. ಹಲಗೆ, ಕಿಟಕಿ, ಕೈಕಟ್ಟಿ ನಿಂತದ್ದು, ಬೇಕಾದ್ರೆ ಕೆಲಸದಿಂದ ತೆಗೀರಿ ಅಂದದ್ದು, ಎಲ್ಲ.

"ಕೆಲ್ಸ ಹೋಗ್ಲಿ ಅಂದ್ರಾ?" ಅಂತ ಎರಡು ಸಲ ಕೇಳಿದ್ರು. ಆಮೇಲೆ ಹೂವನ್ನ ಕಣ್ಣಿಗೆ ಒತ್ಕೊಂಡು ಸೆರಗಿನ ತುದಿಗೆ ಕಟ್ಕೊಂಡ್ರು. ಆ ರೋಲುಗಳನ್ನ ಅಂಗಡಿಗೆ ತರಿಸಿ, ವಿಭೂತಿ ಗಟ್ಟಿ ಮುರಿಯದ ಹಾಗೆ ಸುತ್ತಿ ಕೊಡೋಕೆ ಯಜಮಾನ್ರಿಗೆ ಹೇಳಿದ್ರು. ನಮ್ಮ ಪೇಪರು ಅದೆಷ್ಟು ಜನರ ದೇವರಮನೆ ಸೇರಿತೋ!

ಶುಕ್ರವಾರ ನಾವು ಎರಡನೇ ಸಲದ ಮಾಲು ಸುತ್ತುತ್ತಾ ಇದ್ವಿ. ಎಲ್ಲರೂ ಕೈ ತೊಳೆದು ತೊಳೆದು ಒರೆಸಿಕೊಂಡು, ಹಣೆಯ ಬೊಟ್ಟೂ ಎಲ್ಲಿ ಉದುರುತ್ತೋ ಅಂತ ಸ್ಟಿಕ್ಕರ್ ಬೊಟ್ಟಿಗೆ ಬಂದಿದ್ರು. ಬಾಗಿಲಲ್ಲಿ ನೆರಳು ಬಿತ್ತು. ಅತ್ತೆಮ್ಮ! ಎಲ್ಲರ ಕಣ್ಣೂ ಮೊದಲು ಹೋದದ್ದು ಅವರ ಕೈಗೆ. ತಟ್ಟೆ ಇರಲಿಲ್ಲ. ಖಾಲಿ ಕೈ.

ನೇರವಾಗಿ ಬಂದು ತಾಯಮ್ಮನ ಪಕ್ಕ ಸ್ಟೂಲು ಎಳ್ಕೊಂಡು ಕೂತ್ರು. ಒಂದು ರೋಲು ತೊಡೆ ಮೇಲೆ ಇಟ್ಕೊಂಡ್ರು. ಒಂದು ಹಾಳೆ ತಗೊಂಡು ರೋಲಿನ ಸುತ್ತ ಸುತ್ತಿ, ಒಂದು ತುದಿ ಒಳಕ್ಕೆ ಮಡಿಚಿ, ಅದರೊಳಕ್ಕೆ ಇನ್ನೊಂದು ತುದಿ ಸಿಗಿಸಿ, ಹೆಬ್ಬೆರಳಲ್ಲಿ ಒತ್ತಿದ್ರು. ಟೇಪು ಹಿಡಿದಿದ್ದ ತಾಯಮ್ಮನ ಕೈ ಅಲ್ಲೇ ನಿಂತಿತು.

"ಅತ್ತೆಮ್ಮ, ನೀವು ಯಾಕೆ ಇದನ್ನೆಲ್ಲ..." ಅಂದೆ.

"ಕುಂಕುಮ ಅಲ್ಲಿಗೋಗಬಾರ್ದು. ಅದು ತಪ್ಪು" ಅಂದ್ರು ಅತ್ತೆಮ್ಮ. ಇನ್ನೊಂದು ರೋಲಿಗೆ ಕೈ ಚಾಚಿದ್ರು. "ನನ್ ಕೈ ಅಲ್ಲಿಗೋದ್ರೆ ಏನಂತೆ? ಹೋಗ್ಲಿ ಬುಡು."

ನಾನು ಗೋಡೆ ಕಡೆ ತಿರುಗಿ ಕಣ್ಣೀರು ಹಾಕಿದೆ. ತಾಯಮ್ಮ ನನ್ನ ಹಾಗೆ ನಾಚಿಕೊಳ್ಳೋಳಲ್ಲ, ಎಲ್ಲರೆದುರೇ ಮೂಗು ಸುರಿಸಿಕೊಂಡು ಅತ್ತಳು. ಅತ್ತೆಮ್ಮ ಅವಳನ್ನ, "ಕಾಗದದ ಮೇಲೆ ಬೀಳ್ಸೀಯೆ, ಆ ಕಡೆ ತಿರುಗು" ಅಂತ ಗದರಿದ್ರು.

ಮಾಲು ಹೋಯ್ತು. ಮ್ಯಾನೇಜರ್ ಫೋನ್ ಮಾಡಿ, ಪ್ಯಾಕಿಂಗ್ ಯಾರದು ಮೇಡಂ, ಟೇಪಿಲ್ಲದೆ ಹೇಗೆ ನಿಲ್ಲುತ್ತೆ ಅಂದ. ಮನೆಯವರದು ಅಂದೆ. ಆರ್ಡರು ಉಳೀತು. ಅತ್ತೆಮ್ಮ ಅಂಗಡಿಯಲ್ಲಿ ಮತ್ತೆ ಪೊಟ್ಟಣ ಕಟ್ಟೋಕೆ ಕೂತ್ರು, ಶುಕ್ರವಾರ ಮಾತ್ರ ಬೆಳಗಿನ ಬಸ್ಸಿಗೆ ಹಾರೋಹಳ್ಳಿಗೆ ಬರೋರು. ಕಾಲು ನಡೆಯೋವರೆಗೂ ಬಂದ್ರು. ಹೆಂಗಸರಿಗೆಲ್ಲ ಅವರೇ ಕಲಿಸಿದ್ರು, ತಾಯಮ್ಮ ಸವಿತಾಗೆ ಕಲಿಸಿದಳು.

ಹೊಸದಾಗಿ ಬಂದಿರೋ ಮಕ್ಕಳೇ, ಸ್ಟಿಕ್ಕರ್ ಮಿಷನ್ನು ಬೇಕಾದ್ರೆ ತರಿಸಿಕೊಳ್ಳಿ, ಕಾಲಕ್ಕೆ ತಕ್ಕ ಹಾಗೆ ಕೆಲಸ ಬದಲಾಗುತ್ತೆ, ನಾನು ಬೇಡ ಅನ್ನಲ್ಲ. ಅಲ್ಲಿವರೆಗೆ ಆ ಮಡಿಕೆಯನ್ನ ಸರಿಯಾಗಿ ಹಾಕಿ. ಅದು ಅತ್ತೆಮ್ಮನ ಕುಂಕುಮದ ಪೊಟ್ಟಣದ ಮಡಿಕೆ. ತುದಿ ಸಿಗಿಸಿದ ಮೇಲೆ ಹೆಬ್ಬೆರಳಲ್ಲಿ ಒಂದು ಸಲ ಒತ್ತಬೇಕು, ಮರೀಬೇಡಿ.